ಭ್ರೂಣಶಾಸ್ತ್ರಜ್ಞ ಹಾನ್ಸ್ ಸ್ಪೇಮನ್



ಕೋಳಿಯ ಮೊಟ್ಟೆಯನ್ನು ಒಡೆದು ನೋಡಿದರೆ ಅದರೊಳಗೆ ಬಿಳಿಯ ಲೋಳೆಯೂ ಹಳದಿಯ ಗೋಲವೂ ಅಲ್ಲದೆ ಬೇರೇನೂ ಕಣ್ಣಿಗೆ ಬೀಳದು. ಅಲ್ಲಿ ಕೊಕ್ಕಿಲ್ಲ, ಕಾಲಿಲ್ಲ, ರೆಕ್ಕೆಯಿಲ್ಲ. ಆದರೆ ಮರಿಯಾಗತಕ್ಕ ಮೊಟ್ಟೆಯ ಮೇಲೆ ತಾಯಿಕೋಳಿಯು 21 ದಿನ ಕಾವು ಕೊಟ್ಟು ಕುಳಿತರೆ, ಚಿಪ್ಪನ್ನು ತಾನೇ ಕುಕ್ಕಿ ಒಡೆದುಕೊಂಡು, ಕಣ್ಣು ಪಿಳುಕಿಸುವ ಒಂದು ಜೀವವು ಹೊರಬರುತ್ತದೆ. ಮೊದಲು ಒಂದೇ ಆಗಿದ್ದ ಜೀವಕೋಶವು ಎರಡಾಗಿ, ನಾಲ್ಕಾಗಿ, ಲಕ್ಷವಾಗಿ ಒಡೆಯುವುದೇನೋ ಸರಿ. ಆದರೆ ಅವುಗಳಲ್ಲಿ ಒಂದು ಕೋಶವು ಕಣ್ಣಾಗಬೇಕು, ಅದರ ಒಡಹುಟ್ಟಿದ ಇನ್ನೊಂದು ಚರ್ಮವಾಗಬೇಕು, ಮತ್ತೊಂದು ಎಲುಬಾಗಬೇಕು ಎಂದು ಅವಕ್ಕೆ ಅಪ್ಪಣೆ ಕೊಡುವವರಾರು?

ಈ ಲೇಖಕನು ಕನ್ನಡ ಕಲಿಸುವ ಶಿಕ್ಷಕನೇ ಹೊರತು ವಿಜ್ಞಾನದ ಪಂಡಿತನಲ್ಲ. ಒಂದು ಮಧ್ಯಾಹ್ನ ನಮ್ಮ ಎಂಟನೆಯ ತರಗತಿಯ ಬಾಲಕಿಯೊಬ್ಬಳು ಮೇಲಿನ ಪ್ರಶ್ನೆಯನ್ನು ಕೇಳಿದಾಗ ಉತ್ತರ ತೋಚದೆ ನಿಂತುದುಂಟು. ಅನಂತರ ಓದಿ ತಿಳಿದುದರ ಫಲವೇ ಈ ಲೇಖನ. ಅದೇ ಪ್ರಶ್ನೆಯನ್ನು ಜೀವಮಾನವೆಲ್ಲ ಕೇಳಿದ, ಕೇಳಿ ಒಂದು ಮಟ್ಟಿನ ಉತ್ತರವನ್ನೂ ಪಡೆದ ಜರ್ಮನ್ ವಿಜ್ಞಾನಿ ಹಾನ್ಸ್ ಸ್ಪೇಮನ್ನನ ಚರಿತ್ರೆಯಿದು. ಅವನೊಡನೆ ಅವನ ಶಿಷ್ಯೆಯೊಬ್ಬಳ ಚರಿತ್ರೆಯನ್ನೂ ಹೇಳದಿದ್ದರೆ ಕಥೆಯು ಅರ್ಧವಾಗುವುದು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಸ್ಪೇಮನ್ನನು 1869ನೆಯ ಇಸವಿಯ ಜೂನ್ 27ರಂದು ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಜನಿಸಿದನು. ತಂದೆಯು ಪುಸ್ತಕ ಪ್ರಕಾಶಕನಾಗಿದ್ದನು. ನಾಲ್ವರು ಮಕ್ಕಳಲ್ಲಿ ಹಾನ್ಸನೇ ಹಿರಿಯವನು. ಹಿರಿಯ ಮಗನು ಮನೆಯ ವ್ಯಾಪಾರವನ್ನು ನೋಡಿಕೊಳ್ಳುವುದು ಎಲ್ಲೆಡೆಯಲ್ಲಿಯೂ ಇದ್ದ ರೂಢಿ. ಅದರಂತೆ ಶಾಲೆಯ ಓದು ಮುಗಿದೊಡನೆ ಅವನು ಒಂದು ವರ್ಷ ತಂದೆಯ ಅಂಗಡಿಯಲ್ಲಿ ದುಡಿದನು. ಆಮೇಲೆ ಸೈನ್ಯದ ಕಡ್ಡಾಯ ಸೇವೆಯನ್ನು ಮುಗಿಸಿದನು. ಹ್ಯಾಂಬರ್ಗಿನಲ್ಲಿ ಕೆಲವು ಕಾಲ ಪುಸ್ತಕ ಮಾರಾಟದ ಕೆಲಸವನ್ನೂ ಮಾಡಿದನು. ಆದರೆ ಅವನ ಮನಸ್ಸು ಪುಸ್ತಕಗಳನ್ನು ಮಾರುವುದರಲ್ಲಿ ನಿಲ್ಲದೆ ಓದುವುದರಲ್ಲಿ ನೆಟ್ಟಿತ್ತು. 1891ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯವನ್ನು ಸೇರಿ ವೈದ್ಯಶಾಸ್ತ್ರದ ವ್ಯಾಸಂಗಕ್ಕೆ ತೊಡಗಿದನು.

ಅಲ್ಲಿ ಅವನಿಗೆ ಗುಸ್ತಾವ್ ವೋಲ್ಫ್ ಎಂಬ ಸಂಶೋಧಕನ ಪರಿಚಯವಾಯಿತು. ನ್ಯೂಟ್ ಎಂಬುದು ಕಪ್ಪೆಯ ದೂರದ ಬಂಧುವಾದ, ನೀರಿನಲ್ಲಿ ಮೊಟ್ಟೆಯಿಡುವ, ಬಾಲವುಳ್ಳ ಸಣ್ಣ ಪ್ರಾಣಿ. ನೋಡಲು ಹಲ್ಲಿಯಂತಿರುವುದು. ಇದರ ಕಣ್ಣಿನ ಮಸೂರವನ್ನು ತೆಗೆದುಹಾಕಿದರೆ ಕೆಲವು ಕಾಲದಲ್ಲಿ ಹೊಸ ಮಸೂರವು ಬೆಳೆಯುವುದೆಂದೂ, ಅದು ಮೊದಲು ಹುಟ್ಟಿದ ಜಾಗದಿಂದಲ್ಲದೆ ಕಣ್ಣಿನ ಬಣ್ಣದ ಪೊರೆಯ ಅಂಚಿನಿಂದ ಹುಟ್ಟುವುದೆಂದೂ ವೋಲ್ಫನು ತೋರಿಸಿದ್ದನು. ಜೀವಕೋಶವು ತನ್ನ ಹುಟ್ಟು ಕಸುಬನ್ನು ಬಿಟ್ಟು ಬೇರೆ ಕಸುಬನ್ನು ಹಿಡಿಯಬಲ್ಲದು ಎಂಬ ಈ ಸಂಗತಿಯು ತರುಣ ಸ್ಪೇಮನ್ನನ ಮನಸ್ಸಿನಲ್ಲಿ ಬೇರೂರಿತು.

ವೈದ್ಯನಾಗುವ ವಿಚಾರವನ್ನು ಬಿಟ್ಟು ಅವನು ವ್ಯೂರ್ಟ್ಸ್‌ಬರ್ಗ್ ನಗರಕ್ಕೆ ಹೋದನು. ಅಲ್ಲಿ ಅವನಿಗೆ ದೊರೆತ ಗುರುಗಳು ಸಾಮಾನ್ಯರಲ್ಲ. ಪ್ರಾಣಿಶಾಸ್ತ್ರಕ್ಕೆ ಥಿಯೊಡೋರ್ ಬೊವೆರಿ, ಸಸ್ಯಶಾಸ್ತ್ರಕ್ಕೆ ಯೂಲಿಯಸ್ ಸಾಕ್ಸ್, ಭೌತಶಾಸ್ತ್ರಕ್ಕೆ ವಿಲ್ಹೆಲ್ಮ್ ರೋಂಟ್ಗನ್. ಈ ರೋಂಟ್ಗನ್ನನೇ 1895ರಲ್ಲಿ ಅದೇ ಊರಿನಲ್ಲಿ ಕ್ಷಕಿರಣಗಳನ್ನು ಕಂಡುಹಿಡಿದವನು.

ವಿದ್ಯೆಯ ದಾರಿಯು ಹೀಗೆ ತೆರೆದುಕೊಳ್ಳುತ್ತಿದ್ದಾಗಲೇ 1896ರ ಚಳಿಗಾಲದಲ್ಲಿ ಸ್ಪೇಮನ್ನನಿಗೆ ಕ್ಷಯರೋಗದ ಶಂಕೆಯುಂಟಾಗಿ ಆರೋಗ್ಯಧಾಮದಲ್ಲಿ ಮಲಗಬೇಕಾಯಿತು. ಕೈಗೆ ಕೆಲಸವಿಲ್ಲದ ಆ ದಿನಗಳಲ್ಲಿ ಅವನು ಆಗಸ್ಟ್ ವೈಸ್ಮನ್ ಎಂಬ ಪಂಡಿತನ ಗ್ರಂಥವನ್ನು ಓದಿದನು. ವೈಸ್ಮನ್ನನ ವಾದವೇನೆಂದರೆ, ಅಂಡವು ಒಡೆಯುತ್ತ ಹೋದಂತೆ ಅದರೊಳಗಿನ ಆನುವಂಶಿಕ ದ್ರವ್ಯವೂ ಪಿತ್ರಾರ್ಜಿತ ಆಸ್ತಿಯಂತೆ ಪಾಲಾಗುತ್ತ ಹೋಗುತ್ತದೆ. ಕಣ್ಣಿನ ಪಾಲು ಬಂದ ಕೋಶವು ಕಣ್ಣಾಗುತ್ತದೆ, ಚರ್ಮದ ಪಾಲು ಬಂದುದು ಚರ್ಮವಾಗುತ್ತದೆ. ವಾದವು ಅಚ್ಚುಕಟ್ಟಾಗಿತ್ತು. ಆದರೆ ಅದು ನಿಜವೇ? ರೋಗಶಯ್ಯೆಯಿಂದ ಏಳುವಾಗ ಸ್ಪೇಮನ್ನನು ತನ್ನ ಬಾಳಿನ ಕೆಲಸವನ್ನು ಆರಿಸಿಕೊಂಡಿದ್ದನು.

ಕೂದಲಿನ ಕುಣಿಕೆ

ಈ ವಿಷಯದಲ್ಲಿ ಆಗ ಇಬ್ಬರು ಜರ್ಮನ್ ಸಂಶೋಧಕರ ಫಲಿತಾಂಶಗಳು ಪರಸ್ಪರ ವಿರುದ್ಧವಾಗಿದ್ದವು. ವಿಲ್ಹೆಲ್ಮ್ ರೂ ಎಂಬವನು 1888ರಲ್ಲಿ ಕಪ್ಪೆಯ ಅಂಡವು ಎರಡು ಕೋಶವಾದ ಕೂಡಲೆ ಒಂದನ್ನು ಕಾದ ಸೂಜಿಯಿಂದ ಚುಚ್ಚಿ ಕೊಂದಾಗ ಉಳಿದುದು ಅರ್ಧ ಭ್ರೂಣವಾಗಿ ಬೆಳೆಯಿತು. ಇದು ವೈಸ್ಮನ್ನನ ಪಕ್ಷಕ್ಕೆ ಬಲ. ಆದರೆ ಹಾನ್ಸ್ ಡ್ರೀಶನು 1891ರಲ್ಲಿ ಕಡಲಚಿಳ್ಳೆಯೆಂಬ ಸಮುದ್ರಜೀವಿಯ ಅಂಡದ ಎರಡು ಕೋಶಗಳನ್ನು ಕುಲುಕಿ ಬೇರ್ಪಡಿಸಿದಾಗ ಪ್ರತಿಯೊಂದೂ ಸಣ್ಣದಾದರೂ ಪೂರ್ಣವಾದ ಮರಿಯಾಯಿತು. ಇದು ವೈಸ್ಮನ್ನನ ವಾದಕ್ಕೆ ದೊಡ್ಡ ಪೆಟ್ಟು. ಡ್ರೀಶನು ಕೊನೆಗೆ ಇದನ್ನು ಯಂತ್ರನಿಯಮಗಳಿಂದ ವಿವರಿಸಲಾಗದೆಂದು ತತ್ತ್ವಶಾಸ್ತ್ರದ ಕಡೆಗೆ ಹೊರಳಿಬಿಟ್ಟನು.

ಸ್ಪೇಮನ್ನನು ಹೊರಳಲಿಲ್ಲ. ಅವನು ನ್ಯೂಟಿನ ಅಂಡವನ್ನು ಆರಿಸಿಕೊಂಡನು. ಅದು ಸಾಸಿವೆಯ ಕಾಳಿಗಿಂತ ದೊಡ್ಡದಲ್ಲ. ಅದನ್ನು ಕತ್ತರಿಸಬಲ್ಲ ಉಪಕರಣವು ಯಾವ ಅಂಗಡಿಯಲ್ಲಿಯೂ ಇರಲಿಲ್ಲ. ಆದುದರಿಂದ ಅವನು ಹಸುಗೂಸಿನ ನವಿರಾದ ತಲೆಗೂದಲನ್ನು ಕುಣಿಕೆಯಾಗಿ ಮಾಡಿ ಅಂಡಕ್ಕೆ ಸುತ್ತಿ ಮೆಲ್ಲನೆ ಬಿಗಿದನು. ಗಾಜಿನ ಕಡ್ಡಿಯನ್ನು ಉರಿಯಲ್ಲಿ ಕಾಸಿ ಎಳೆದು ಕೂದಲಿಗಿಂತ ಸೂಕ್ಷ್ಮವಾದ ಸೂಜಿಗಳನ್ನು ತಾನೇ ತಯಾರಿಸಿಕೊಂಡನು. ಇಂದು ಭ್ರೂಣದ ಮೇಲೆ ನಡೆಯುವ ಸೂಕ್ಷ್ಮ ಶಸ್ತ್ರಕ್ರಿಯೆಗೆ ತಳಹದಿಯಾದುದು ಈ ಕೂದಲು ಮತ್ತು ಗಾಜೇ ಎಂಬುದನ್ನು, ತಮ್ಮ ಪ್ರಯೋಗಶಾಲೆಯಲ್ಲಿ ಸಲಕರಣೆಗಳು ಸಾಲವೆಂದು ದೂರುವ ವಿದ್ಯಾರ್ಥಿಗಳು ನೆನಪಿಡಬೇಕು.

ಕುಣಿಕೆಯನ್ನು ಪೂರ್ಣವಾಗಿ ಬಿಗಿದು ಅಂಡವನ್ನು ಎಡಬಲಗಳಾಗಿ ಬೇರ್ಪಡಿಸಿದಾಗ ಎರಡು ಪೂರ್ಣ ಮರಿಗಳು ಹುಟ್ಟಿದವು. ಅರ್ಧ ಮಾತ್ರ ಬಿಗಿದಾಗ ಒಂದೇ ಮೈಗೆ ಎರಡು ತಲೆಗಳುಳ್ಳ ಮರಿ ಹುಟ್ಟಿತು. ಆದರೆ ಅದೇ ಕುಣಿಕೆಯನ್ನು ಬೇರೊಂದು ದಿಕ್ಕಿನಲ್ಲಿ, ಬೆನ್ನಾಗಬೇಕಾದ ಭಾಗವು ಒಂದು ಕಡೆಗೂ ಹೊಟ್ಟೆಯಾಗಬೇಕಾದ ಭಾಗವು ಇನ್ನೊಂದು ಕಡೆಗೂ ಉಳಿಯುವಂತೆ ಬಿಗಿದಾಗ, ಬೆನ್ನಿನ ಭಾಗವು ಮಾತ್ರ ಮರಿಯಾಯಿತು. ಹೊಟ್ಟೆಯ ಭಾಗವು ಬದುಕಿದರೂ ತಲೆಯಿಲ್ಲದ, ಬೆನ್ನಿಲ್ಲದ, ಬರಿಯ ಮಾಂಸದ ಉಂಡೆಯಾಗಿ ಉಳಿಯಿತು. ಎರಡರಲ್ಲಿಯೂ ಜೀವವಿತ್ತು; ಎರಡರಲ್ಲಿಯೂ ಕೋಶಗಳಿದ್ದವು. ಹಾಗಿದ್ದಮೇಲೆ ಬೆನ್ನಿನ ಕಡೆಯಲ್ಲಿ ಹೆಚ್ಚಾಗಿದ್ದುದೇನು? ಈ ಪ್ರಶ್ನೆಯು ಅವನನ್ನು ಮುಂದೆ 20 ವರ್ಷಗಳ ಕಾಲ ಕಾಡಿತು.

1901ರಲ್ಲಿ ಅವನು ಕಣ್ಣಿನ ಮೇಲೆ ಇನ್ನೊಂದು ಪ್ರಯೋಗವನ್ನು ಮಾಡಿದನು. ಭ್ರೂಣದಲ್ಲಿ ಕಣ್ಣು ಮೂಡುವಾಗ ಮೆದುಳಿನಿಂದ ಒಂದು ಬಟ್ಟಲಿನಂಥ ಭಾಗವು ಹೊರಚಾಚಿ ಮೇಲಿನ ಚರ್ಮವನ್ನು ಮುಟ್ಟುತ್ತದೆ. ಮುಟ್ಟಿದಲ್ಲಿ ಚರ್ಮವು ಮಸೂರವಾಗುತ್ತದೆ. ಕಪ್ಪೆಯ ಭ್ರೂಣದಲ್ಲಿ ಆ ಬಟ್ಟಲನ್ನು ಸ್ಪೇಮನ್ನನು ನಾಶಮಾಡಿದಾಗ ಮಸೂರವು ಹುಟ್ಟಲೇ ಇಲ್ಲ. ಅಂದರೆ ಒಂದು ಅಂಗಾಂಶವು ತನ್ನ ನೆರೆಯ ಅಂಗಾಂಶಕ್ಕೆ ಏನನ್ನೋ ತಿಳಿಸುತ್ತದೆ, ಆ ತಿಳಿವಳಿಕೆಯಿಲ್ಲದೆ ನೆರೆಯದು ತನ್ನ ರೂಪವನ್ನು ಪಡೆಯದು ಎಂದಾಯಿತು. ಇದಕ್ಕೆ ಪ್ರೇರಣೆಯೆಂದು ಹೆಸರು. ಅನಂತರ ಬೇರೊಂದು ಜಾತಿಯ ಕಪ್ಪೆಯಲ್ಲಿ ಬಟ್ಟಲಿಲ್ಲದೆಯೂ ಮಸೂರವು ಹುಟ್ಟಿದುದು ಕಂಡುಬಂದಿತು. ತನ್ನ ಮತಕ್ಕೆ ವಿರೋಧವಾದ ಈ ಸಂಗತಿಯನ್ನು ಸ್ಪೇಮನ್ನನು ಮುಚ್ಚಿಡದೆ ವರ್ಷಗಟ್ಟಲೆ ತಾನೇ ಪರೀಕ್ಷಿಸಿ ಪ್ರಕಟಿಸಿದನು.

ಅಷ್ಟರಲ್ಲಿ ಅವನ ಕೀರ್ತಿಯು ಹರಡಿತ್ತು. 1908ರಲ್ಲಿ ರೋಸ್ಟೋಕ್ ನಗರದಲ್ಲಿ ಪ್ರಾಧ್ಯಾಪಕನಾದನು. 1914ರಲ್ಲಿ ಬರ್ಲಿನ್ನಿನ ಕೈಸರ್ ವಿಲ್ಹೆಲ್ಮ್ ಜೀವಶಾಸ್ತ್ರ ಸಂಸ್ಥೆಗೆ ಹೋದನು. 1919ರಲ್ಲಿ ಫ್ರೈಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಣಿಶಾಸ್ತ್ರದ ಪೀಠವನ್ನು ಸ್ವೀಕರಿಸಿ ನಿವೃತ್ತನಾಗುವವರೆಗೂ ಅಲ್ಲಿಯೇ ನೆಲಸಿದನು.

ಬರ್ಲಿನ್ನಿನಲ್ಲಿ ಮೊದಲನೆಯ ಮಹಾಯುದ್ಧದ ವರ್ಷಗಳಲ್ಲಿ ಅವನು ನಡೆಸಿದ ಕಸಿಯ ಪ್ರಯೋಗಗಳು ಬಹಳ ಸ್ವಾರಸ್ಯವಾದವು. ಎಳೆಯ ಭ್ರೂಣದಲ್ಲಿ ಚರ್ಮವಾಗಬೇಕಾದ ಚೂರನ್ನು ತೆಗೆದು ಮೆದುಳಾಗುವ ಸ್ಥಳದಲ್ಲಿ ನೆಟ್ಟರೆ ಅದು ಮೆದುಳೇ ಆಯಿತು. ಆದರೆ ಭ್ರೂಣವು ಒಂದೆರಡು ದಿನ ಬೆಳೆದ ಮೇಲೆ ಹೀಗೆ ಮಾಡಿದರೆ ಚೂರು ತನ್ನ ಹಳೆಯ ಸ್ವಭಾವವನ್ನು ಬಿಡಲಿಲ್ಲ. ಎಲ್ಲಿ ನೆಟ್ಟರೂ ಚರ್ಮವೇ ಆಯಿತು. ಊರು ಬಿಟ್ಟು ಈ ಮಹಾನಗರಕ್ಕೆ ಬಂದ ನಮ್ಮಂಥವರಿಗೆ ಇದನ್ನು ಓದುವಾಗ ನಗು ಬರುವುದು ಸಹಜ. ಹೆಗಲ ಮೇಲೆ ಕುಳಿತು ಬಂದ ಮಗುವು ಆರು ತಿಂಗಳಲ್ಲಿ ನೆರೆಮನೆಯ ಭಾಷೆಯನ್ನಾಡುತ್ತದೆ. ಕರೆತಂದ ತಂದೆಯ ಮಾತಿನಲ್ಲಿ ಮಾತ್ರ ಹುಟ್ಟಿದೂರಿನ ಧಾಟಿ ಕಡೆಯವರೆಗೂ ಹೋಗುವುದಿಲ್ಲ. ಜೀವಕೋಶಗಳಿಗೂ ಮನುಷ್ಯರಿಗೂ ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ತರವಲ್ಲ.

ಈ ನಿಯಮಕ್ಕೆ ಒಂದೇ ಒಂದು ಅಪವಾದವಿತ್ತು. ಭ್ರೂಣವು ಇನ್ನೂ ಚೆಂಡಿನಂತಿರುವಾಗ ಹೊರಗಿನ ಕೋಶಗಳು ಒಂದು ರಂಧ್ರದ ಮೂಲಕ ಒಳಸರಿಯುತ್ತವೆ. ಬೆನ್ನಿನ ಕಡೆಗಿರುವ ಅದರ ಮೇಲ್ತುಟಿಯ ಚೂರನ್ನು ಬೇರೆಡೆಯಲ್ಲಿ ನೆಟ್ಟಾಗ, ಅದೆಷ್ಟು ಎಳೆಯದಾಗಿದ್ದರೂ ನೆರೆಹೊರೆಗೆ ಹೊಂದಿಕೊಳ್ಳಲಿಲ್ಲ. ಅದನ್ನು ನೆಟ್ಟಲ್ಲಿ ಬೆನ್ನುಹುರಿಯ ಭಾಗಗಳು ಕಾಣಿಸಿಕೊಂಡವು. ಆದರೆ ಅವು ನೆಟ್ಟ ಚೂರಿನಿಂದ ಬೆಳೆದುವೋ ಆಶ್ರಯವಿತ್ತ ಭ್ರೂಣದಿಂದ ಬೆಳೆದುವೋ ಹೇಳುವ ಬಗೆಯಿರಲಿಲ್ಲ, ಏಕೆಂದರೆ ಎರಡೂ ಒಂದೇ ಬಣ್ಣದವು. ಸ್ಪೇಮನ್ನನು ಅವು ಚೂರಿನಿಂದಲೇ ಬೆಳೆದಿರಬೇಕೆಂದು ಊಹಿಸಿದನು. ಆ ಊಹೆಯು ತಪ್ಪಾಗಿತ್ತು.

ಹಿಲ್ಡೆಯ ಆಗಮನ

ಹಿಲ್ಡೆ ಪ್ರೋಶೋಲ್ಟ್ ಎಂಬ ಯುವತಿಯು 1898ರಲ್ಲಿ ಜರ್ಮನಿಯ ಗೋಥಾ ಪಟ್ಟಣದಲ್ಲಿ ಹುಟ್ಟಿದವಳು. ಫ್ರಾಂಕ್‌ಫರ್ಟಿನಲ್ಲಿ ಓದುತ್ತಿದ್ದಾಗ ಸ್ಪೇಮನ್ನನ ಉಪನ್ಯಾಸವೊಂದನ್ನು ಕೇಳಿ, ಅದರಿಂದ ಆಕರ್ಷಿತಳಾಗಿ 1920ರಲ್ಲಿ ಫ್ರೈಬರ್ಗಿಗೆ ಬಂದು ಅವನ ಶಿಷ್ಯೆಯಾದಳು. ಸ್ಪೇಮನ್ನನು ಮೊದಲು ಅವಳಿಗೆ ಕೊಟ್ಟ ಕೆಲಸವೆಂದರೆ ಹೈಡ್ರವೆಂಬ ಅತಿ ಸಣ್ಣ ಜಲಜೀವಿಯನ್ನು ಕೈಚೀಲದ ಒಳಹೊರಗು ಮಾಡುವಂತೆ ತಿರುವುವುದು. ಎಷ್ಟು ಹೆಣಗಿದರೂ ಅದು ಕೈಗೂಡಲಿಲ್ಲ. 1921ರ ವಸಂತದಲ್ಲಿ ಅವನು ಅವಳಿಗೆ ಬೇರೆ ವಿಷಯವನ್ನು ಕೊಟ್ಟನು.

ಅದೇ ಮೇಲ್ತುಟಿಯ ಪ್ರಯೋಗ. ಆದರೆ ಈ ಸಲ ಎರಡು ಬೇರೆ ಜಾತಿಯ ನ್ಯೂಟುಗಳನ್ನು ಆರಿಸಲಾಯಿತು. ಒಂದರ ಭ್ರೂಣವು ಬಣ್ಣವಿಲ್ಲದೆ ಬಿಳುಪಾಗಿರುವುದು, ಇನ್ನೊಂದರದು ಕಂದುಬಣ್ಣದ್ದು. ಬಿಳಿಯ ಭ್ರೂಣದ ಮೇಲ್ತುಟಿಯ ಚೂರನ್ನು ಕಂದು ಭ್ರೂಣದ ಹೊಟ್ಟೆಯ ಪಕ್ಕದಲ್ಲಿ ನೆಟ್ಟರೆ ಯಾವ ಕೋಶವು ಯಾರದೆಂದು ಬಣ್ಣವೇ ಹೇಳುವುದು.

ಹೇಳುವುದಕ್ಕೆ ಸುಲಭವಾದ ಈ ಕೆಲಸವು ಮಾಡುವುದಕ್ಕೆ ಎಷ್ಟು ಕಠಿಣವೆಂಬುದನ್ನು ಊಹಿಸಬೇಕು. ನ್ಯೂಟುಗಳು ಮೊಟ್ಟೆಯಿಡುವುದು ವಸಂತದ ಕೆಲವೇ ವಾರಗಳಲ್ಲಿ. ಮೊಟ್ಟೆಯ ಲೋಳೆಯ ಹೊದಿಕೆಯನ್ನು ಸೂಕ್ಷ್ಮವಾಗಿ ಸುಲಿದು, ಬೆತ್ತಲೆ ಭ್ರೂಣವನ್ನು ನೀರಿನಲ್ಲಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡುತ್ತ, ಗಾಜಿನ ಸೂಜಿಯಿಂದ ಚೂರನ್ನು ಕತ್ತರಿಸಿ, ಇನ್ನೊಂದರಲ್ಲಿ ಮಾಡಿದ ಗಾಯದಲ್ಲಿ ಕೂಡಿಸಿ, ಅದು ಅಂಟಿಕೊಳ್ಳುವವರೆಗೆ ಕಾಯಬೇಕು. ರೋಗಾಣುಗಳನ್ನು ಕೊಲ್ಲುವ ಇಂದಿನ ಔಷಧಗಳು ಆಗ ಇರಲಿಲ್ಲ. ಬೆಳಗ್ಗೆ ನೋಡುವಷ್ಟರಲ್ಲಿ ಹೆಚ್ಚಿನವು ಸತ್ತಿರುತ್ತಿದ್ದವು. ಎರಡು ವಸಂತಗಳಲ್ಲಿ ಹಿಲ್ಡೆಯು 250ಕ್ಕೂ ಮಿಕ್ಕಿದ ಶಸ್ತ್ರಕ್ರಿಯೆಗಳನ್ನು ಮಾಡಿದಳು. ವಿವರವಾಗಿ ಪ್ರಕಟಿಸುವಷ್ಟು ಚೆನ್ನಾಗಿ ಬೆಳೆದುವು ಬೆರಳೆಣಿಕೆಯವು ಮಾತ್ರ.

ಆದರೆ ಅವಿಷ್ಟೇ ಸಾಕಾದವು. ಕಂದು ಭ್ರೂಣದ ಹೊಟ್ಟೆಯ ಪಕ್ಕದಲ್ಲಿ ಎರಡನೆಯ ಭ್ರೂಣವೊಂದು ಅವಳಿ ಮಗುವಿನಂತೆ ಅಂಟಿಕೊಂಡು ಬೆಳೆದಿತ್ತು. ಅದಕ್ಕೆ ತನ್ನದೇ ಆದ ಬೆನ್ನುಹುರಿಯಿತ್ತು, ಬೆನ್ನಿನ ಇಕ್ಕೆಲದ ಸ್ನಾಯುಗಳ ಸಾಲಿತ್ತು. ಅದನ್ನು ತೆಳುವಾಗಿ ಸೀಳಿ ನೋಡಿದಾಗ ಬಿಳಿಯ ಕೋಶಗಳು ಅಲ್ಪವೇ ಇದ್ದವು. ಅವು ಮುಖ್ಯವಾಗಿ ಬೆನ್ನಿನ ನಡುವಿನ ಆಧಾರದ ಸಲಾಕೆಯಾಗಿದ್ದವು. ಬೆನ್ನುಹುರಿಯು ಬಹುಮಟ್ಟಿಗೆ ಕಂದು ಕೋಶಗಳಿಂದಲೇ ಆಗಿತ್ತು. ಹೊಟ್ಟೆಯ ಚರ್ಮವಾಗಬೇಕಾಗಿದ್ದ ಕಂದು ಕೋಶಗಳು, ಹೊರಗಿನಿಂದ ಬಂದ ಚೂರೊಂದು ಪಕ್ಕದಲ್ಲಿ ಕುಳಿತ ಮಾತ್ರಕ್ಕೆ, ತಮ್ಮ ದಾರಿಯನ್ನು ಬಿಟ್ಟು ನರಮಂಡಲವಾಗಿದ್ದವು! ಆ ಚೂರು ತಾನೊಬ್ಬನೇ ಬೆಳೆಯಲಿಲ್ಲ. ಸುತ್ತಲಿನವರನ್ನು ಕೂಡಿಸಿ ಒಂದು ಶರೀರವನ್ನೇ ಕಟ್ಟಿಸಿತು. ಸ್ಪೇಮನ್ನನು ಅದಕ್ಕೆ ಸಂಘಟಕವೆಂದು ಹೆಸರಿಟ್ಟನು. ಹೊಟ್ಟೆಯ ಭಾಗವು ಬರಿಯ ಉಂಡೆಯಾಗಿ ಉಳಿದುದೇಕೆಂಬ ಹಳೆಯ ಪ್ರಶ್ನೆಗೂ ಉತ್ತರ ದೊರೆಯಿತು. ಅದರಲ್ಲಿ ಸಂಘಟಕವಿರಲಿಲ್ಲ.

ಗುರುವೂ ಶಿಷ್ಯೆಯೂ

ಈ ಫಲಿತಾಂಶವು 1924ರಲ್ಲಿ ಗುರುಶಿಷ್ಯರಿಬ್ಬರ ಹೆಸರಿನಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಹಿಲ್ಡೆಯು ಸ್ಪೇಮನ್ನನ ಸಹಾಯಕನಾದ ಓಟ್ಟೋ ಮಾಂಗೋಲ್ಡನನ್ನು ವಿವಾಹವಾಗಿ ಹಿಲ್ಡೆ ಮಾಂಗೋಲ್ಡ್ ಆಗಿದ್ದಳು. ಡಾಕ್ಟರೇಟ್ ಪದವಿಯನ್ನು ಪಡೆದಿದ್ದಳು. ಗಂಡುಮಗುವಿನ ತಾಯಿಯೂ ಆಗಿದ್ದಳು. ಪ್ರಬಂಧವು ಅವಳ ಪದವಿಗಾಗಿಯೇ ಸಿದ್ಧವಾದುದು. ಅದೇ ಪ್ರಯೋಗಶಾಲೆಯ ಇತರ ಶಿಷ್ಯರು ತಮ್ಮ ಪ್ರಬಂಧಗಳನ್ನು ತಮ್ಮೊಬ್ಬರ ಹೆಸರಿನಲ್ಲಿಯೇ ಪ್ರಕಟಿಸಿದ್ದರು. ಈ ಒಂದರಲ್ಲಿ ಮಾತ್ರ ಸ್ಪೇಮನ್ನನು ತನ್ನ ಹೆಸರನ್ನು ಮೊದಲು ಹಾಕಬೇಕೆಂದು ಹಟ ಹಿಡಿದನು. ಇದರಿಂದ ಹಿಲ್ಡೆಗೆ ನೋವಾಯಿತೆಂದು, ಅವಳೊಡನೆ ಕೆಲಸ ಮಾಡುತ್ತಿದ್ದ ಸಹಪಾಠಿ ವಿಕ್ಟರ್ ಹಾಂಬರ್ಗರನು ಬಹಳ ವರ್ಷಗಳ ಮೇಲೆ ಬರೆದಿದ್ದಾನೆ.

ಯಾರದು ನ್ಯಾಯ? ವಿಷಯವನ್ನು ಕಲ್ಪಿಸಿದವನು, 20 ವರ್ಷ ಅದಕ್ಕೆ ಹಾದಿ ಸವೆಸಿದವನು, ಎರಡು ಬಣ್ಣಗಳ ಯುಕ್ತಿಯನ್ನು ಹೂಡಿದವನು ಗುರು. ಎರಡು ವಸಂತಗಳಲ್ಲಿ ಕಣ್ಣು ನೋಯಿಸಿಕೊಂಡು, ಸಾಯುವ ಭ್ರೂಣಗಳ ನಡುವೆ ಧೈರ್ಯಗೆಡದೆ, ಸೂಜಿ ಹಿಡಿದ ಕೈ ನಡುಗದಂತೆ ಕೆಲಸವನ್ನು ಮುಗಿಸಿದವಳು ಶಿಷ್ಯೆ. ಗುರುವಿನ ಪಾಲನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಬೇರೆ ಶಿಷ್ಯರಿಗೆ ಕೊಟ್ಟ ಮರ್ಯಾದೆಯನ್ನು ಇವಳಿಗೆ ಮಾತ್ರ ತಪ್ಪಿಸಿದುದು, ಅದೂ ಎಲ್ಲಕ್ಕಿಂತ ದೊಡ್ಡ ಶೋಧದಲ್ಲಿ ತಪ್ಪಿಸಿದುದು, ಉಚಿತವಾಯಿತೆಂದು ಹೇಳಲು ಈ ಲೇಖಕನಿಗೆ ಮನಸ್ಸು ಬಾರದು. ಶಿಷ್ಯರ ಕೈಬರಹವನ್ನು ತಿದ್ದುವ ನಾವು ಶಿಕ್ಷಕರು ಇದನ್ನು ಓದಿ ಒಮ್ಮೆ ನಮ್ಮ ಅಂತಃಕರಣವನ್ನು ಕೇಳಿಕೊಳ್ಳಬೇಕು.

ಆ ವಿವಾದವು ಬಹುಕಾಲ ನಡೆಯಲಿಲ್ಲ, ಏಕೆಂದರೆ ವಿವಾದಿಸಬೇಕಾದವಳೇ ಉಳಿಯಲಿಲ್ಲ. 1924ರ ಸೆಪ್ಟೆಂಬರಿನಲ್ಲಿ ಮಗುವಿಗಾಗಿ ಅಡಿಗೆಮನೆಯಲ್ಲಿ ಒಲೆಯನ್ನು ಹೊತ್ತಿಸುವಾಗ ಇಂಧನವು ಭುಗಿಲೆದ್ದು ಹಿಲ್ಡೆಯ ಮೈಯೆಲ್ಲ ಸುಟ್ಟಿತು. ಆ ಗಾಯಗಳಿಂದ ಅವಳು ತೀರಿಕೊಂಡಳು. ಅವಳಿಗಿನ್ನೂ 26 ವರ್ಷ ತುಂಬಿರಲಿಲ್ಲ. ಮುಂದೆ 1935ರಲ್ಲಿ ಸಂಘಟಕದ ಶೋಧಕ್ಕಾಗಿ ಸ್ಪೇಮನ್ನನಿಗೆ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವು ಬಂದಿತು. ಮೃತರಾದವರಿಗೆ ಅದನ್ನು ಕೊಡುವ ವಾಡಿಕೆಯಿಲ್ಲ. ಸ್ಟಾಕ್‌ಹೋಮಿನ ವೇದಿಕೆಯನ್ನು ಅವನೊಬ್ಬನೇ ಏರಿದನು.

ಕೊನೆಯ ದಿನಗಳು

ಸಂಘಟಕವು ನೆರೆಯ ಕೋಶಗಳಿಗೆ ಕಳುಹಿಸುವ ಸಂದೇಶವಾದರೂ ಏನು? 1930ರ ದಶಕದಲ್ಲಿ ಯುರೋಪಿನ ಪ್ರಯೋಗಶಾಲೆಗಳೆಲ್ಲ ಇದರ ಬೆನ್ನುಹತ್ತಿದವು. ಬಿಸಿಯಿಂದಲೋ ಮದ್ಯಸಾರದಿಂದಲೋ ಕೊಂದ ಸಂಘಟಕವೂ ನರಮಂಡಲವನ್ನು ಹುಟ್ಟಿಸಬಲ್ಲದೆಂದು 1932ರಲ್ಲಿ ತಿಳಿದುಬಂದಿತು. ಹಾಗಾದರೆ ಅದು ಯಾವುದೋ ರಾಸಾಯನಿಕ ದ್ರವ್ಯವೇ ಇರಬೇಕೆಂದು ಎಲ್ಲರೂ ಉತ್ಸಾಹದಿಂದ ಹುಡುಕಿದರು. ಆದರೆ ಹುಡುಕಿದಷ್ಟೂ ಗೊಂದಲ ಹೆಚ್ಚಿತು. ಭ್ರೂಣಕ್ಕೆ ಸಂಬಂಧವೇ ಇಲ್ಲದ ವಸ್ತುಗಳೂ, ಕಡೆಗೆ ನೀಲಿಯ ಬಣ್ಣವೊಂದೂ ಅದೇ ಕೆಲಸವನ್ನು ಮಾಡಿದವು! ಯಾವ ಬೀಗದ ಕೈ ಹಾಕಿದರೂ ತೆರೆಯುವ ಬೀಗದಿಂದ ನಿಜವಾದ ಬೀಗದ ಕೈಯನ್ನು ಗುರುತಿಸುವುದು ಹೇಗೆ? ಸಂಶೋಧಕರು ಒಬ್ಬೊಬ್ಬರಾಗಿ ಆ ಹುಡುಕಾಟವನ್ನು ಕೈಬಿಟ್ಟರು.

ಸ್ಪೇಮನ್ನನು 1935ರಲ್ಲಿ ನಿವೃತ್ತನಾದನು. 1938ರಲ್ಲಿ ತನ್ನ ಬಾಳಿನ ಕೆಲಸವನ್ನೆಲ್ಲ ಗ್ರಂಥರೂಪದಲ್ಲಿ ಹೊರತಂದನು. ಬೆಳೆದ ಕೋಶದ ಬೀಜಕೇಂದ್ರವನ್ನು ತೆಗೆದು, ಕೇಂದ್ರವಿಲ್ಲದ ಅಂಡದಲ್ಲಿಟ್ಟರೆ ಅದರಿಂದ ಪೂರ್ಣ ಜೀವಿಯು ಬೆಳೆದೀತೇ ಎಂಬ, ಆಗಿನ ಕಾಲಕ್ಕೆ ಕನಸಿನಂತಿದ್ದ ಪ್ರಯೋಗವನ್ನೂ ಅದರಲ್ಲಿ ಸೂಚಿಸಿದನು. ಕಪ್ಪೆಗಳಲ್ಲಿ ಅದು 1950ರ ಮತ್ತು 1960ರ ದಶಕಗಳಲ್ಲಿ ಸಾಧ್ಯವಾಯಿತು. 1996ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಡಾಲಿಯೆಂಬ ಕುರಿಯು ಅದೇ ಬೀಜದ ಫಲ. ವೈಸ್ಮನ್ನನ ಪಾಲುಪಟ್ಟಿಯ ವಾದವು ಅಲ್ಲಿಗೆ ಮುಗಿಯಿತು. ಬಹುಮಟ್ಟಿಗೆ ಪ್ರತಿಯೊಂದು ಜೀವಕೋಶದಲ್ಲಿಯೂ ಆನುವಂಶಿಕ ದ್ರವ್ಯವು ಇಡಿಯಾಗಿಯೇ ಇರುತ್ತದೆ. ಯಾವ ಕೋಶವು ಅದರ ಯಾವ ಭಾಗವನ್ನು ಬಳಸಬೇಕೆಂಬುದೇ ವಿಶೇಷ.

ಜಗತ್ತು ಎರಡನೆಯ ಮಹಾಯುದ್ಧದಲ್ಲಿ ಮುಳುಗಿದ್ದಾಗ, 1941ರ ಸೆಪ್ಟೆಂಬರಿನಲ್ಲಿ, ಫ್ರೈಬರ್ಗಿನ ಬಳಿ ಸ್ಪೇಮನ್ನನು ಕಾಲವಶನಾದನು. ಸಂಘಟಕದ ಸಂದೇಶವೇನೆಂಬುದು ಅವನಿಗೆ ತಿಳಿಯಲೇ ಇಲ್ಲ.

ಉತ್ತರ ದೊರೆತ ಬಗೆ

ಅದು ತಿಳಿಯಲು ಇನ್ನೂ 50 ವರ್ಷಗಳು ಬೇಕಾದವು. ಜೀನುಗಳನ್ನು ಒಂದೊಂದಾಗಿ ಬೇರ್ಪಡಿಸುವ ವಿದ್ಯೆಯು ಕೈವಶವಾದ ಮೇಲೆ ಅಮೆರಿಕದ ಕ್ಯಾಲಿಫೋರ್ನಿಯದ ಸಂಶೋಧಕರು ಆಫ್ರಿಕದ ಒಂದು ಜಾತಿಯ ಕಪ್ಪೆಯ ಮೇಲ್ತುಟಿಯನ್ನು ಮತ್ತೆ ಪರೀಕ್ಷಿಸಿದರು. ಅಲ್ಲಿ ಚುರುಕಾಗಿ ಕೆಲಸ ಮಾಡುವ ಜೀನುಗಳಲ್ಲಿ ನಾಗಿನ್ ಎಂಬುದು 1992ರಲ್ಲಿಯೂ, ಕಾರ್ಡಿನ್ ಎಂಬುದು 1994ರಲ್ಲಿಯೂ ಬೆಳಕಿಗೆ ಬಂದವು. ಜೀನೆಂದರೆ ಪ್ರೋಟೀನನ್ನು ತಯಾರಿಸುವ ವಿಧಿಯನ್ನು ಬರೆದಿಟ್ಟ ಓಲೆಯಿದ್ದಂತೆ. ಈ ಎರಡು ಜೀನುಗಳ ಪ್ರೋಟೀನುಗಳು ಕೋಶದಿಂದ ಹೊರಬಂದು ನೆರೆಹೊರೆಯಲ್ಲಿ ಹರಡಿಕೊಳ್ಳುತ್ತವೆ.

ಅವು ಮಾಡುವ ಕೆಲಸವು ಯಾರೂ ನಿರೀಕ್ಷಿಸದಂಥದು. ಭ್ರೂಣದ ಕೋಶಗಳು ಬಿಎಂಪಿ ಎಂಬ ಇನ್ನೊಂದು ಪ್ರೋಟೀನನ್ನು ಹೊರಸೂಸುತ್ತಿರುತ್ತವೆ. ಎಲುಬನ್ನು ಬೆಳೆಸುವ ದ್ರವ್ಯವೆಂದು ಮೊದಲು ಗುರುತಿಸಲ್ಪಟ್ಟುದರಿಂದ ಅದಕ್ಕೆ ಆ ಹೆಸರು. ಪ್ರತಿ ಕೋಶದ ಮೇಲ್ಮೈಯಲ್ಲಿ ಅದನ್ನು ಹಿಡಿಯುವ ಗ್ರಾಹಕಗಳಿವೆ. ಬಿಎಂಪಿಯು ಬಂದು ಗ್ರಾಹಕವನ್ನು ಮುಟ್ಟಿದರೆ, ಕೈಯಿಂದ ಕೈಗೆ ಚೀಟಿ ದಾಟಿಸುವಂತೆ ಸಂದೇಶವು ಕೋಶದೊಳಗೆ ದಾಟಿ, ಬೀಜಕೇಂದ್ರವನ್ನು ತಲುಪಿ, ಅಲ್ಲಿ ಕೆಲವು ಜೀನುಗಳನ್ನು ಎಬ್ಬಿಸುತ್ತದೆ, ಕೆಲವನ್ನು ಮಲಗಿಸುತ್ತದೆ. ಹೊರಪದರದ ಕೋಶಕ್ಕೆ ಆ ಸಂದೇಶದ ಅರ್ಥ ಚರ್ಮವಾಗೆಂದು. ಸಂಘಟಕದಿಂದ ಹೊರಟ ಕಾರ್ಡಿನ್ ಮತ್ತು ನಾಗಿನ್‌ಗಳು ಈ ಬಿಎಂಪಿಯನ್ನು ದಾರಿಯಲ್ಲಿಯೇ ಹಿಡಿದು ಕಟ್ಟಿಹಾಕಿ, ಗ್ರಾಹಕವನ್ನು ಮುಟ್ಟದಂತೆ ತಡೆಯುತ್ತವೆ. ಚರ್ಮವಾಗೆಂಬ ಅಪ್ಪಣೆಯು ತಲುಪದ ಕೋಶವು ತನ್ನಷ್ಟಕ್ಕೆ ನರವಾಗುತ್ತದೆ.

ನೋಡಿದಿರಾ! ಸಂಘಟಕವು ಅಪ್ಪಣೆ ಕೊಡುವ ಅರಸನೆಂದು ಎಲ್ಲರೂ ತಿಳಿದಿದ್ದರು. ಆದರೆ ಅದು ಮಾಡುತ್ತಿದ್ದುದು ಅಪ್ಪಣೆಯೊಂದನ್ನು ತಡೆಹಿಡಿಯುವ ಕೆಲಸ. ನರವಾಗುವ ಶಕ್ತಿಯು ಆ ಕೋಶಗಳಲ್ಲಿ ಮೊದಲೇ ಇದ್ದಿತು. ನೀಲಿಯ ಬಣ್ಣವೂ ಅದೇ ಕೆಲಸವನ್ನು ಮಾಡಿದುದೇಕೆಂಬುದೂ ಇದರಿಂದ ಅರ್ಥವಾಗುವಂತಿದೆ. ನರವಾಗಲು ತುದಿಗಾಲಲ್ಲಿ ನಿಂತ ನ್ಯೂಟಿನ ಕೋಶಕ್ಕೆ ಯಾವ ನೂಕಾದರೂ ಸಾಕು.

ಬಿಎಂಪಿಯ ಪ್ರಮಾಣವೂ ಮುಖ್ಯ. ಸಂಘಟಕದ ಸಮೀಪದಲ್ಲಿ ಅದು ಅತಿ ಕಡಿಮೆ, ದೂರ ಹೋದಂತೆ ಹೆಚ್ಚು. ಮಧ್ಯಪದರದಲ್ಲಿ ಕಡಿಮೆಯಿದ್ದಲ್ಲಿ ಬೆನ್ನಿನ ಸಲಾಕೆ, ತುಸು ಹೆಚ್ಚಿದ್ದಲ್ಲಿ ಸ್ನಾಯು, ತುಂಬ ಹೆಚ್ಚಿದ್ದಲ್ಲಿ ರಕ್ತ ಹೀಗೆ ಅಂಗಾಂಶಗಳು ಕ್ರಮವಾಗಿ ಮೂಡುತ್ತವೆ. ಕಾರ್ಡಿನ್ನಿನ ಬಂಧುವಾದ ಜೀನೊಂದು ಹಣ್ಣಿನ ನೊಣದಲ್ಲಿಯೂ ಇದೆ. ಅಲ್ಲಿಯೂ ಅದು ಇದೇ ಕೆಲಸವನ್ನು ಮಾಡುತ್ತದೆ. ಆದರೆ ನೊಣದ ನರಹುರಿಯು ಹೊಟ್ಟೆಯ ಕಡೆಗಿರುವುದರಿಂದ ಅದು ಹೊಟ್ಟೆಯ ಕಡೆಯಲ್ಲಿ ಚುರುಕಾಗಿರುತ್ತದೆ. ನೊಣದ ಭ್ರೂಣವನ್ನು ರೂಪಿಸುವ ಜೀನುಗಳನ್ನು ಕ್ರಿಸ್ಟಿಯಾನ ನ್ಯೂಸ್‌ಲೈನ್ ಫೋಲ್ಹಾರ್ಡ್ ಎಂಬ ಮಹಿಳೆಯೂ ಎರಿಕ್ ವೀಶೌಸನೂ ಹುಡುಕಿ 1980ರಲ್ಲಿ ಪ್ರಕಟಿಸಿದರು. ಅವರು ಅದನ್ನು ನಡೆಸಿದುದು ಸ್ಪೇಮನ್ನನು ಓದಿದ ಹೈಡೆಲ್‌ಬರ್ಗಿನಲ್ಲಿಯೇ. 1995ರ ನೊಬೆಲ್ ಪಾರಿತೋಷಕದಲ್ಲಿ ಅವರಿಬ್ಬರಿಗೂ ಪಾಲು ಬಂದಿತು. ನೊಣ, ಕಪ್ಪೆ, ಕೋಳಿ, ಮನುಷ್ಯ ಎಲ್ಲವೂ ಇಂಥ ಕೆಲವೇ ಸಂದೇಶಗಳನ್ನು ಮತ್ತೆ ಮತ್ತೆ ಬಳಸಿ ತಮ್ಮ ಶರೀರವನ್ನು ಕಟ್ಟುತ್ತವೆ. ನಮ್ಮ ವರ್ಣಮಾಲೆಯ ಐವತ್ತು ಅಕ್ಷರಗಳಿಂದ ಪಂಪನಿಂದ ಇಂದಿನವರೆಗಿನ ಕಾವ್ಯವೆಲ್ಲ ಹುಟ್ಟಿದಂತೆ.

ಉಪಸಂಹಾರ

ಇಂದು ಭ್ರೂಣಶಾಸ್ತ್ರದ ಗ್ರಂಥಗಳಲ್ಲಿ ಆ ಮೇಲ್ತುಟಿಗೆ ಸ್ಪೇಮನ್ ಮಾಂಗೋಲ್ಡ್ ಸಂಘಟಕವೆಂದು ಹೆಸರು. ಗುರುವಿನ ಹೆಸರೇ ಮೊದಲು; ಆದರೆ ಶಿಷ್ಯೆಯ ಹೆಸರೂ ಅದರೊಡನೆ ಬಿಡದಂತೆ ಬೆಸೆದಿದೆ. ಹಾಗಾಗುವುದಕ್ಕೆ ಹಾಂಬರ್ಗರನ ನೆನಪು ಬಹಳ ನೆರವಾಯಿತು. ಯಹೂದ್ಯನೆಂಬ ಕಾರಣದಿಂದ ಹಿಟ್ಲರನ ಕಾಲದಲ್ಲಿ ಜರ್ಮನಿಯ ಕೆಲಸವನ್ನು ಕಳೆದುಕೊಂಡು ಅಮೆರಿಕದಲ್ಲಿ ನೆಲಸಿದ ಅವನು, 100 ವರ್ಷ ಬಾಳಿ 2001ರಲ್ಲಿ ತೀರಿಕೊಂಡನು. ಯೌವನದಲ್ಲಿ ಜೊತೆಗೆ ಕುಳಿತು ಕೆಲಸ ಮಾಡಿದ ಗೆಳತಿಯನ್ನು ಅವನು ಮರೆಯಲಿಲ್ಲ. ಜಗತ್ತು ಮರೆಯುವುದಕ್ಕೂ ಬಿಡಲಿಲ್ಲ.

ಮಕ್ಕಳೇ, ಮಳೆಗಾಲದಲ್ಲಿ ನೀವು ಊರಿಗೆ ಹೋದಾಗ ಹೊಂಡದ ಅಂಚಿನಲ್ಲಿ ಕಪ್ಪೆಯ ಮೊಟ್ಟೆಗಳು ಲೋಳೆಯಲ್ಲಿ ತೇಲುವುದನ್ನು ಕಂಡರೆ ಕಲ್ಲೆಸೆಯದೆ ಒಂದು ಕ್ಷಣ ನಿಂತು ನೋಡಿರಿ. ಅದರೊಳಗೆ ಕೋಶವು ಕೋಶಕ್ಕೆ ಸಂದೇಶವನ್ನು ಕಳುಹಿಸುತ್ತ ಬೆನ್ನನ್ನೂ ಕಣ್ಣನ್ನೂ ಕಟ್ಟುತ್ತಿರುತ್ತದೆ. ಅದನ್ನು ಮೊದಲು ಕಂಡವರಲ್ಲಿ ಒಬ್ಬಳು ನಿಮ್ಮಂತೆಯೇ ವಿದ್ಯಾರ್ಥಿನಿಯಾಗಿದ್ದಳು. ಅಂದು ಪ್ರಶ್ನೆ ಕೇಳಿದ ಬಾಲಕಿಗೆ ಈ ಲೇಖಕನು ಕೊಡಬಲ್ಲ ಉತ್ತರವಿಷ್ಟೆ. ಉಳಿದ ಉತ್ತರವನ್ನು ಅವಳೇ ಹುಡುಕಲಿ. ಹುಡುಕಿದಂದು ಅವಳ ಹೆಸರೇ ಮೊದಲು ಬರಲಿ.